ಗಂಡುಹಂದಿಗೆ ಸೂಜಿ

ಬೀಜ ತೆಗೆಸಲು ತಂದಿದ್ದ ಗಂಡುಬೆಕ್ಕಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಟೈಲರಮ್ಮ ಪಶು ಆಸ್ಪತ್ರೆಯ ಬೆಂಚಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಹಂದಿ ಸಾಕುವ ಅತ್ತೆ ಸೊಸೆಯರ ಜಟಾಪಟಿ ನಡೆದಿತ್ತು. ಕೇಳಬಾರದು ಅಂದುಕೊಂಡರೂ ಅವಳ ಕಿವಿ ಅತ್ತಲೇ ವಾಲುತ್ತಿತ್ತು.

“ಮರಿಗೆ ಬ್ಲೇಡ್ ಹಾಕಿ ಬೀಜ ತೆಗೆಯೋಕೆ ಏನೇ ಖರ್ಚು? ಸೂಜಿ ಅಂದ್ರೆ ದುಡ್ಡು ಸುರೀಬೇಕು,” ಎಂದಳು ಅತ್ತೆ.

“ಬ್ಲೇಡ್ ಹಾಕಿದ ಮರಿ ಸೊರಗುತ್ತೆ ಅತ್ತೆ, ಒಂದೆರಡು ಸತ್ತೂ ಹೋಗ್ತವೆ. ಅದು ಖರ್ಚಲ್ವಾ? ಬೀಜ ಹಾಗೇ ಬಿಟ್ರೆ ಕಮ್ಮಿ ತಿಂದು ಚೆನ್ನಾಗಿ ಮೈ ಹಿಡಿಯುತ್ತೆ.”

“ಮೈ ಹಿಡಿದು ಏನು ಬಂತು? ಬೀಜದ ಹಂದಿ ಬೇಯೋವಾಗ ಉಚ್ಚೆ ನಾತ ಹೊಡೆಯುತ್ತೆ. ಕಟುಕ ಮುಖಕ್ಕೆ ಎಸೀತಾನೆ.”

“ಕಡಿಯೋಕೆ ಮುಂಚೆ ಎರಡು ಸಲ ಸೂಜಿ ಹಾಕಿಸಿದ್ರೆ ಬೀಜದ ಕೆಲಸ ನಿಂತುಹೋಗಿ ನಾತ ಇರಲ್ಲ.”

“ಯಾರಿಗೆ ಹೇಳ್ತೀಯ? ಅನುಮಾನ ಬಂದ್ರೆ ಕಟುಕನೇ ಕೊಬ್ಬು ಹುರಿದು ನನ್ನ ಮೂಗಿನ ಹತ್ರ ತರ್ತಾನೆ!”

“ಹೋದ ಭಾನುವಾರ ಮತ್ತೆ ಮತ್ತೆ ಬಡಿಸ್ಕೊಂಡು ತಿಂದ್ರಲ್ಲ, ಅದು ನಾನು ಗುಟ್ಟಾಗಿ ಸೂಜಿ ಹಾಕಿಸಿದ್ದ ಗಂಡು.”

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಕಾಂಪೌಂಡರ್ ಕೂಗಿದಾಗ ಮೊದಲು ಎದ್ದವಳು ಅವಳೇ.

“ನಮ್ಮ ಗಂಡು ಮರಿಗಳಿಗೆಲ್ಲ ಆಗೋಷ್ಟು ಸೂಜಿಮದ್ದು ಕೊಡಪ್ಪ. ಬ್ಲೇಡ್ ಕಾಲ ಮುಗೀತು.”

ಔಷಧಿ ಹಿಡಿದು ಹೊರಟವಳು ಬೆಂಚಿನ ಬಳಿ ನಿಂತು, ಬುಟ್ಟಿಯೊಳಗೆ ಇಣುಕಿದಳು.

“ಪಾಪ, ಇದಕ್ಕೆ ಇನ್ನೂ ಬ್ಲೇಡಾ? ಸೂಜಿ ಇದೆಯಾ ಕೇಳಮ್ಮ. ನಾನಂತೂ ಮೊದಲಿಂದ ಅದನ್ನೇ ಹೇಳ್ತಿರೋದು.”