ಕೀಲಿ ಮಾಡುವ ತಾತನ ಮೊಮ್ಮಗಳು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕೀಲಿ ಮಾಡುವ ಮುದುಕರೊಬ್ಬರು ಕೂತಿದ್ದರು, ಪಕ್ಕದಲ್ಲಿ ಮೂರನೇ ಕ್ಲಾಸಿನ ಮೊಮ್ಮಗಳು. ಅವರ ತೊಡೆಯ ಮೇಲೆ ದೊಡ್ಡ ಕೀಲಿಗೊಂಚಲು.

“ತಾತ, ಫೋನಿನ ಆಟದಲ್ಲಿ ಯಾರೋ ನಮ್ಮನೆ ಎಲ್ಲಿ ಅಂತ ಕೇಳಿದ್ರು.”

“ಹೇಳ್ಬಿಟ್ಯಾ?”

“ಇಲ್ಲಪ್ಪ. ಕೀಲಿ ಮಾಡಿಸೋಕೆ ಬಂದವರನ್ನ ನೀನು ಕೇಳ್ತೀಯಲ್ಲ, ಹಾಗೇ ಕೇಳ್ದೆ. ‘ನೀವ್ಯಾರು, ಯಾರ ಮನೆಯವರು?’ ಅಂತ. ಆಮೇಲೆ ಅವ್ರು ತುಟಿಪಿಟಕ್ ಅನ್ಲಿಲ್ಲ.”

“ಭೇಷ್ ಕಣೇ! ಅಮ್ಮನಿಗೆ ಹೇಳಿದ್ಯಾ?”

“ಫೋನ್ ಕಿತ್ಕೋತಾಳೆ.”

“ಇಬ್ರೂ ಸೇರಿ ಹೇಳೋಣ. ಕಿತ್ಕೊಳ್ಳದ ಹಾಗೆ ನಾನು ನೋಡ್ಕೋತೀನಿ. ಇನ್ಮೇಲೆ ಆಡೋವಾಗ ಪಕ್ಕದಲ್ಲೇ ಕೂತಿರ್ತೀನಿ.”

“ನಿಂಗೆ ಆ ಆಟ ಬರಲ್ವಲ್ಲ?”

“ಕಲಿಸು. ತಪ್ಪು ಮಾಡಿದ್ರೆ ಬೈಬಾರದು ಮತ್ತೆ.”

“ನಾನೇನು ಅಮ್ಮನಾ?”

ಅವರ ಸ್ಟಾಪ್ ಬಂತು. ಇಳಿಯುವಾಗ ಆ ಕೀಲಿಗೊಂಚಲು ಅವಳ ಕೈಯಲ್ಲಿತ್ತು.