ಮೂರೇ ಮೇಲ್

“ಏಳನೇ ಕ್ಲಾಸಿಗೇ ಶಾಲೆಗೆ ನಮಸ್ಕಾರ ಹೊಡೆದವನು ನನಗೇ ಪಾಠ ಹೇಳ್ತಾನೆ,” ಎಂದು ಕುತ್ತಿಗೆಗೆ ಆಫೀಸಿನ ಕಾರ್ಡು ನೇತುಹಾಕಿಕೊಂಡವನು ಕಂಪ್ಯೂಟರ್ ರಿಪೇರಿಯವನನ್ನು ಅವನ ಅಂಗಡಿಯಲ್ಲೇ, ಸರದಿಯಲ್ಲಿದ್ದ ನಮ್ಮೆಲ್ಲರ ಮುಂದೆ ಹಂಗಿಸಿದ. ನಾನೂ ಏಳಕ್ಕೇ ಬಿಟ್ಟವನು, ಕೈ ತುರಿಸುತ್ತಿತ್ತು. ರಿಪೇರಿಯವನು ಮಾತ್ರ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. ಅದು ಪಕ್ಕದಲ್ಲಿ ನಿಂತಿದ್ದ ಟೈಲರ್ ಹೆಂಗಸಿನದು. ಕಾರ್ಡಿನವನು ಆಕೆಯ ಅಕ್ಕನ ಗಂಡ.

“ಭಾವ, ನಾಳೆ ಈ ಮೇಲ್ ಖಾತೆ ಮುಚ್ಚಿಹೋಗುತ್ತೆ. ಹತ್ತು ವರ್ಷದ ಗಿರಾಕಿಗಳ ಅಳತೆಯೆಲ್ಲ ಅದರಲ್ಲೇ ಇದೆ. ಅವರು ಹೇಳೋದೂ ಕೇಳೋಣ.”

“ಕೇಳೋದೇನು? ಪಾಪ್ ಅನ್ನೋ ಸೆಟ್ಟಿಂಗ್ ಹಾಕಿ ಮೇಲನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡ್ರೆ ಆಯ್ತು. ನಾನು ಮಾಡಿಲ್ವಾ?”

“ಪಾಪ್ ಇನ್‌ಬಾಕ್ಸ್ ಒಂದನ್ನೇ ತರುತ್ತೆ ಸಾರ್,” ಎಂದ ರಿಪೇರಿಯವನು. “ಐಮ್ಯಾಪ್ ಅಂತ ಇನ್ನೊಂದು ಸೆಟ್ಟಿಂಗ್ ಇದೆ, ಅದಾದ್ರೆ ಎಲ್ಲ ಫೋಲ್ಡರೂ ಬರುತ್ತೆ. ಮೇಡಮ್, ಬಂದ ಮೇಲನ್ನ ನೀವು ಎಲ್ಲಿಡ್ತೀರಿ?”

“ಓದಿದ ತಕ್ಷಣ ಗಿರಾಕಿ ಹೆಸರಿನ ಫೋಲ್ಡರಿಗೆ. ಕತ್ತರಿಸಿದ ಬಟ್ಟೇನ ಮೇಜಿನ ಮೇಲೆ ಬಿಡೋಳಲ್ಲ ನಾನು.”

“ಹಾಗಾದ್ರೆ ಇನ್‌ಬಾಕ್ಸ್ ನೋಡಿ.”

ಆಕೆ ಬಗ್ಗಿ ಎಣಿಸಿದಳು. “ಮೂರು.”

“ಪಾಪ್ ಹಾಕಿದ್ರೆ ಆ ಮೂರೇ ಸಿಕ್ತಿತ್ತು.”

“ಅಳತೆ ಇಲ್ಲದೆ ಊರಿಗೆಲ್ಲ ಗೋಣಿಚೀಲ ಹೊಲಿದು ಕೊಡಬೇಕಿತ್ತು ನಾನು. ಐಮ್ಯಾಪೇ ಹಾಕಿ.”

ಸರದಿಯೆಲ್ಲ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅಷ್ಟರಲ್ಲಿ ಆಕೆಗೆ ಏನೋ ಹೊಳೆಯಿತು.

“ಅಲ್ಲ ಭಾವ, ಹೋದ ತಿಂಗಳು ಅಕ್ಕನ ಮೇಲನ್ನೂ ನೀವೇ ಪಾಪ್ ಹಾಕಿ ಇಳಿಸಿ, ಖಾತೆ ಮುಚ್ಚಿಸಿದ್ರಲ್ಲ. ನಿಮ್ಮ ಮದುವೆ ಫೋಟೋನೆಲ್ಲ ಅವಳು ಬೇರೆ ಫೋಲ್ಡರಲ್ಲಿ ಇಟ್ಟಿದ್ಲು. ಅವು ಬಂದ್ವಾ?”

ಭಾವ ಕಾರ್ಡನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಮೆಟ್ಟಿಲಿಳಿದು ಹೋದ.