ಎತ್ತರಕ್ಕೆ ಕಟ್ಟಿದ ಬಟ್ಟೆ ತಂತಿ

ಮಂಡಿನೋವಿನ ಬಸ್ ಕಂಡಕ್ಟರಮ್ಮ ಆಸ್ಪತ್ರೆಯಲ್ಲಿ ಡಾಕ್ಟರ ಕರೆಗೆ ಕಾಯುತ್ತಿದ್ದಳು. ಕಿವಿ ಮಾತ್ರ ಪಕ್ಕದ ಬೆಂಚಿನಲ್ಲಿತ್ತು. ಅಲ್ಲಿ ಬ್ಯಾಸ್ಕೆಟ್‌ಬಾಲ್ ತಂಡದ ಅಂಗಿ ತೊಟ್ಟ ಎತ್ತರದ ಹುಡುಗಿ, ಅವಳ ಭುಜಕ್ಕೂ ಬಾರದ ತಾಯಿ.

“ಆಡಬಹುದು ಅಂದ್ರಲ್ಲಮ್ಮ ಡಾಕ್ಟ್ರು. ಮುಖ ಯಾಕೆ ಸಪ್ಪಗಿದೆ?”

“ಖುಷೀನೇ ಕಣೇ. ಯಾವಾಗ ಹೊರಡ್ತೀಯ?”

“ನಾಡಿದ್ದು. ಹೊರದೇಶದ ಲೀಗು, ಮುಗಿಯೋ ಹೊತ್ತಿಗೆ ಬೇಸಿಗೆ ಬಂದಿರತ್ತೆ.”

“ಕಾಲು ಮುರ್ಕೊಂಡಿದ್ದಕ್ಕೆ ತಾನೇ ಇಷ್ಟು ದಿನ ಕೈಗೆ ಸಿಕ್ಕಿದ್ದು.”

“ಒಳ್ಳೆ ಅಮ್ಮ ನೀನು! ಇನ್ನೊಂದೂ ಮುರ್ಕೊಳ್ಲಾ?”

“ಬಿಡ್ತು ಅನ್ನು.”

“ಹೋಗೋ ಮುಂಚೆ ಹಿತ್ತಲಿನ ಬಟ್ಟೆ ತಂತಿ ಇಳಿಸಿ ಕಟ್ತೀನಿ. ಸ್ಟೂಲು ಹತ್ತಿ ಒಣಹಾಕ್ತೀಯಂತೆ, ಅಪ್ಪ ಹೇಳಿದ್ರು.”

“ಇಳಿಸಿದ್ರೆ ನಿನ್ನ ಕುತ್ತಿಗೆಗೆ ತಾಗತ್ತೆ.”

“ನಾನಿರೋದು ವರ್ಷಕ್ಕೆ ನಾಲ್ಕು ದಿನ, ಅಮ್ಮ.”

“ಅದಕ್ಕೇ ಮುಟ್ಟಬೇಡ. ಸ್ಟೂಲು ಹತ್ತಿದಾಗೆಲ್ಲ ನೀನು ಮನೇಲೇ ಇದ್ದೀಯ ಅನ್ಸತ್ತೆ.”

ಮಗಳು ಷೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಹೊರಗೆ ಟ್ಯಾಕ್ಸಿ ಹಾರನ್ ಹೊಡೆಯಿತು. ಇಬ್ಬರೂ ಎದ್ದರು. ಬಾಗಿಲ ಬಳಿ ತಾಯಿ “ತಲೆ, ತಲೆ” ಎಂದು ಅಭ್ಯಾಸಬಲದಿಂದ ಕೈ ಎತ್ತಿದಳು. ಆಸ್ಪತ್ರೆಯ ಬಾಗಿಲು ಬೇಕಾದಷ್ಟು ಎತ್ತರವಿತ್ತು. ಆದರೂ ಮಗಳು ಆ ಕೈಯ ಕೆಳಗೆ ಬಗ್ಗಿಯೇ ದಾಟಿದಳು.